ತಾಳದ ಆಟದಲ್ಲಿ ತಪ್ಪಿನ ಲೆಕ್ಕ

ಮಾಡುತ್ತಿರುವ ಕೆಲಸ ಇನ್ನೂ ಮುಗಿಯದಿರುವಾಗಲೇ ಅದರ ಗುಣದೋಷಗಳ ಮೊತ್ತವನ್ನು ಮಾಡುವವನ ಕಣ್ಣೆದುರು ಹಿಡಿಯುವುದು ಯುಕ್ತವೇ? ಈ ಪ್ರಶ್ನೆಯು ಮುನಿಗಳ ಆಚಾರಗ್ರಂಥಗಳಿಗೆ ಮಾತ್ರ ಸೇರಿದ್ದೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಕಳೆದ ಸುಮಾರು ಮೂರು ದಶಕಗಳಿಂದ ಇದಕ್ಕೆ ಒಂದಲ್ಲ ಒಂದು ಬಗೆಯ ಉತ್ತರವನ್ನು ಕೊಡುತ್ತ ಬಂದವರು ವಿಡಿಯೋ ಆಟಗಳ ನಿರ್ಮಾಪಕರು; ಅದರಲ್ಲಿಯೂ ಸಂಗೀತದ ತಾಳಕ್ಕೆ ಸರಿಯಾಗಿ ಕೀಲಿಯೊತ್ತಿಸುವ ಆಟಗಳನ್ನು ರಚಿಸಿದವರು. ಶಾಸ್ತ್ರದ ಹಂಗಿಲ್ಲದೆ, ವ್ಯಾಪಾರದ ದೃಷ್ಟಿಯಿಂದ ಹುಟ್ಟಿದ ಆ ಉತ್ತರಗಳನ್ನು ಶಾಸ್ತ್ರದ ಬೆಳಕಿನಲ್ಲಿ ಪರಿಶೀಲಿಸುವುದು ವ್ಯರ್ಥವಾಗಲಾರದು.

ಕೊಲ್ಲುವ ಆಟಗಳನ್ನು ಮಕ್ಕಳ ಕೈಗೆ ಕೊಡಲು ಹಿಂಜರಿಯುವ ತಂದೆತಾಯಿಗಳಿಗೆ ತಾಳದ ಆಟದಲ್ಲಿ ಆಕ್ಷೇಪಾರ್ಹವಾದದ್ದೇನೂ ಕಾಣದು. ಇಲ್ಲಿ ಬಂದೂಕಿಲ್ಲ, ರಕ್ತವಿಲ್ಲ, ಜೀವವಧೆಯ ಅಭಿನಯವೂ ಇಲ್ಲ. ಇರುವುದು ಹಾಡು, ಬಣ್ಣದ ಬಳೆ, ಬೆರಳು. ಸಂಕಲ್ಪೀ ಹಿಂಸೆಯ ಪ್ರಶ್ನೆಯೇ ಏಳುವುದಿಲ್ಲ. ಕಾಲಹರಣದ ದೃಷ್ಟಿಯಿಂದ ಇದು ಅನರ್ಥದಂಡದ ಪ್ರಮಾದಚರ್ಯೆಯಲ್ಲವೇ ಎಂದು ಕೇಳುವವರುಂಟು. ಅದು ಎಷ್ಟು ಹೊತ್ತು ಆಡಿದರೆಂಬುದರ ಮೇಲೆ ನಿಂತ ಮಾತು. ಕೇರಂ ಹಲಗೆಗೂ ಅದು ಅಷ್ಟೇ ಸಲ್ಲುತ್ತದೆ. ಪ್ರಸ್ತುತ ವಿಚಾರಕ್ಕೆ ಎತ್ತಿಕೊಂಡಿರುವುದು ಆಟದ ವೇಳೆಯನ್ನಲ್ಲ, ಆಡುತ್ತಿರುವಾಗಲೇ ಪರದೆಯ ಮೂಲೆಯಲ್ಲಿ ಕಾಣುವ ಒಂದು ಅಂಕೆಯನ್ನು.

ಆಸ್ಟ್ರೇಲಿಯಾದ ಡೀನ್ ಹರ್ಬರ್ಟ್ 2007ರಲ್ಲಿ ಹೊರತಂದ 'ಓಸು!' ಈ ಅಂಕೆಯನ್ನು ನೋಡಲು ತಕ್ಕ ಸ್ಥಳ. ಜಪಾನಿನಲ್ಲಿ 2005ರಲ್ಲಿ ನಿಂಟೆಂಡೊ ಡಿಎಸ್ ಎಂಬ ಕೈಯಾಟದ ಯಂತ್ರಕ್ಕಾಗಿ ಬಂದಿದ್ದ 'ಓಸು! ತತಕಾಯೆ! ಓಯೆಂದಾನ್' ಅದಕ್ಕೆ ಪ್ರೇರಣೆ. ಹಾಡು ನುಡಿಯುತ್ತಿರುವಂತೆ ಕಂಪ್ಯೂಟರಿನ ಪರದೆಯ ಮೇಲೆ ವೃತ್ತಗಳು ಮೂಡುತ್ತವೆ. ಪ್ರತಿಯೊಂದು ವೃತ್ತದ ಸುತ್ತ ಒಂದು ಹೊರಬಳೆ ಕುಗ್ಗುತ್ತ ಬರುತ್ತದೆ. ಅದು ವೃತ್ತದ ಅಂಚನ್ನು ಕೂಡುವ ಕ್ಷಣದಲ್ಲಿ, ಮೌಸ್‌ನಿಂದ ಗುರಿಯಿಟ್ಟು, ಕೀಲಿಯನ್ನೊತ್ತಬೇಕು. ಒತ್ತಿದ ಕ್ಷಣ ತಾಳಕ್ಕೆ ಎಷ್ಟು ಹತ್ತಿರವಿತ್ತೆಂಬುದಕ್ಕೆ ತಕ್ಕಂತೆ 300, 100, 50 ಎಂಬ ಅಂಕಗಳು ದೊರೆಯುತ್ತವೆ. ವೃತ್ತವೇ ಕೈತಪ್ಪಿದರೆ ಶೂನ್ಯ. ಕಾಲದ ಕಟ್ಟುನಿಟ್ಟಿನ ಮಾನ 8 ಎಂದಿರುವ ಹಾಡಿನಲ್ಲಿ 300 ದೊರೆಯಬೇಕಾದರೆ ತಾಳದ ಬಿಂದುವಿನಿಂದ ಹಿಂದೆ ಮುಂದೆ 32 ಮಿಲಿಸೆಕೆಂಡುಗಳೊಳಗೆ ಒತ್ತಿರಬೇಕು. 76ರೊಳಗೆ ಒತ್ತಿದರೆ 100, 120ರೊಳಗೆ ಒತ್ತಿದರೆ 50. ಆಟಗಾರ ಎವೆಯಿಕ್ಕುವಷ್ಟರಲ್ಲಿ ಈ ಮೂರು ಗಡಿಗಳೂ ಬಹುಮಟ್ಟಿಗೆ ದಾಟಿಹೋಗಿರುತ್ತವೆ.

ಈ ಅಂಕಗಳಿಂದ ಹೊರಡುವುದೇ 'ನಿಖರತೆ'ಯ ಶೇಕಡಾ. ಅದುವರೆಗೆ ಬಂದ ಎಲ್ಲ ವೃತ್ತಗಳಿಗೂ 300ರಂತೆ ದೊರೆತಿದ್ದರೆ ಆಗುತ್ತಿದ್ದ ಮೊತ್ತ ಛೇದ. ನಿಜವಾಗಿ ದೊರೆತ ಮೊತ್ತ ಅಂಶ. ಹೀಗಾಗಿ 100ರ ಒತ್ತಿಗೆ ಮೂರರಲ್ಲೊಂದು ಪಾಲಿನ ಬೆಲೆ, 50ರದಕ್ಕೆ ಆರರಲ್ಲೊಂದು ಪಾಲಿನದು. ಹಾಡು ಆರಂಭವಾಗುವಾಗ ಮೂಲೆಯಲ್ಲಿ 100.00 ಎಂದು ಬರೆದಿರುತ್ತದೆ. ಏನನ್ನೂ ಮಾಡುವ ಮೊದಲೇ ಪೂರ್ಣತೆ! ಅಲ್ಲಿಂದ ಮುಂದೆ ಪ್ರತಿಯೊಂದು ಒತ್ತಿಗೂ ದಶಮಾಂಶದ ಎರಡು ಸ್ಥಾನಗಳವರೆಗೆ ಮರುಲೆಕ್ಕ. ಒಮ್ಮೆ ಕಲೆ ಬಿತ್ತೆಂದರೆ ಎಷ್ಟೇ ಚೆನ್ನಾಗಿ ಆಡಿದರೂ ಆ ಹಾಡಿನಲ್ಲಿ ಅದು ಮತ್ತೆ ನೂರಾಗುವುದಿಲ್ಲ.

ಗಣಿತವನ್ನು ಸ್ವಲ್ಪ ಬಿಡಿಸಿ ನೋಡುವುದು ಅಗತ್ಯ. ಒಟ್ಟು 400 ಬಿಡಿ ವೃತ್ತಗಳಿರುವ ಹಾಡೊಂದಿದೆಯೆಂದು ಭಾವಿಸಬಹುದು. ಆಟಗಾರನು ಇಡೀ ಹಾಡಿನಲ್ಲಿ ಒಂದೇ ಒಂದು ಬಾರಿ ತುಸು ತಡಮಾಡಿ 300ರ ಬದಲು 100 ಪಡೆದ. ಉಳಿದ 399 ಒತ್ತುಗಳು ನಿರ್ದೋಷ. ಈ ಒಂದು ದೋಷವು ಹತ್ತನೆಯ ವೃತ್ತದಲ್ಲಿ ಘಟಿಸಿದರೆ ಅಂಕೆಯು ಕೂಡಲೇ 93.33ಕ್ಕೆ ಕುಸಿಯುತ್ತದೆ. ಅದೇ ದೋಷವು ನಾನೂರನೆಯದರಲ್ಲಿ ಘಟಿಸಿದರೆ 99.83ಕ್ಕೆ ಇಳಿದು ಅಲ್ಲಿಯೇ ನಿಲ್ಲುತ್ತದೆ. ಕೈ ಅದೇ, ತಡವಾದ ಮಿಲಿಸೆಕೆಂಡುಗಳೂ ಅಷ್ಟೇ. ಆದರೂ ಒಂದು ಕಡೆ ಮುಗ್ಗರಿಸಿ ಬಿದ್ದಂತೆ ಕಾಣುತ್ತದೆ, ಇನ್ನೊಂದು ಕಡೆ ಧೂಳು ಕೊಡವಿಕೊಂಡಂತೆ. ಇನ್ನೂ ವಿಚಿತ್ರವೆಂದರೆ ಮೊದಲೇ ತಪ್ಪಿದವನ ಅಂಕೆ ಮುಂದೆ ತಾನಾಗಿ ಏರುತ್ತ ಹೋಗಿ, ನೂರನೆಯ ವೃತ್ತದ ಹೊತ್ತಿಗೆ 99.33 ಆಗಿ, ಕೊನೆಯಲ್ಲಿ ಅದೇ 99.83ನ್ನು ಮುಟ್ಟುತ್ತದೆ. ಈ ಏರಿಕೆಯನ್ನು ನೋಡುತ್ತಿರುವವನಿಗೆ ತಾನು ಸುಧಾರಿಸುತ್ತಿದ್ದೇನೆಂಬ ಭಾವನೆ ಬರುವುದು ಸಹಜ. ಆದರೆ ಸುಧಾರಣೆಯೆಂಬುದು ಅಲ್ಲಿ ನಡೆದೇ ಇಲ್ಲ. ಛೇದ ದೊಡ್ಡದಾಗುತ್ತಿದೆ, ಅಷ್ಟೆ.

ಆಟದ ಈಚಿನ ಆವೃತ್ತಿಯಾದ 'ಲೇಜರ್' ಈ ತೊಡಕನ್ನು ತಕ್ಕಮಟ್ಟಿಗೆ ಗುರುತಿಸಿದಂತಿದೆ. ಅದರಲ್ಲಿ ನಿಖರತೆಯನ್ನು ತೋರಿಸುವ ಬಗೆಯನ್ನು ಆಟಗಾರನೇ ಆರಿಸಿಕೊಳ್ಳಬಹುದು. ಮೊದಲನೆಯದು ಮೇಲೆ ಹೇಳಿದ ರೂಢಿಯ ಲೆಕ್ಕ. ಎರಡನೆಯದು, ಇನ್ನು ಮುಂದೆ ತಪ್ಪೇ ಆಗದಿದ್ದರೆ ಕೊನೆಗೆ ದೊರೆಯಬಹುದಾದ ಗರಿಷ್ಠ. ಮೂರನೆಯದು, ಇನ್ನು ಮುಂದೆ ಒಂದನ್ನೂ ಮುಟ್ಟದೆ ಕೈಕಟ್ಟಿ ಕುಳಿತರೂ ಉಳಿಯುವ ಕನಿಷ್ಠ. ಹತ್ತನೆಯ ವೃತ್ತದಲ್ಲಿ ತಡಮಾಡಿದ ಆ ಆಟಗಾರನಿಗೇ ಇವನ್ನು ಅನ್ವಯಿಸಿದರೆ, ಅದೇ ಕ್ಷಣದಲ್ಲಿ ಮೊದಲನೆಯ ಬಗೆಯು 93.33 ಎನ್ನುತ್ತದೆ, ಎರಡನೆಯದು 99.83 ಎನ್ನುತ್ತದೆ, ಮೂರನೆಯದು 2.33 ಎನ್ನುತ್ತದೆ. ಒಬ್ಬನೇ ವ್ಯಕ್ತಿ, ಒಂದೇ ಕ್ಷಣ, ಒಂದೇ ತಪ್ಪು, ಮೂರು ತೀರ್ಪು.

ನಯವಾದದ ಪರಿಚಯವುಳ್ಳ ಓದುಗರಿಗೆ ಇದು ಅಚ್ಚರಿಯನ್ನುಂಟುಮಾಡಬೇಕಾಗಿಲ್ಲ. ಮೂರು ಅಂಕೆಗಳೂ ಸುಳ್ಳಲ್ಲ. ಒಂದು, ಕಳೆದ ಕಾಲವನ್ನು ಮಾತ್ರ ನೋಡಿ ಹೇಳಿದ್ದು. ಉಳಿದೆರಡು, ಬರಲಿರುವುದನ್ನು ಆಶೆಯಿಂದಲೂ ನಿರಾಶೆಯಿಂದಲೂ ಕಲ್ಪಿಸಿ ಹೇಳಿದವು. ಪ್ರತಿಯೊಂದೂ ತನ್ನ ಅಪೇಕ್ಷೆಯ ಮಿತಿಯಲ್ಲಿ ಸತ್ಯ. ಉಳಿದ ದೃಷ್ಟಿಗಳನ್ನು ಅಲ್ಲಗಳೆದು ತಾನೇ ಪೂರ್ಣಸತ್ಯವೆಂದು ನಿಂತಾಗ ನಯವು ನಯಾಭಾಸವಾಗುತ್ತದೆ ಎಂಬುದು ಆಚಾರ್ಯರ ನಿಲುವು. ಪರದೆಯ ಮೂಲೆಯ ಅಂಕೆಗೆ 'ಸ್ಯಾತ್' ಎಂಬ ಪದ ತಿಳಿಯದು. ಅದು ಅರ್ಧ ನಿಮಿಷದ ಆಟವನ್ನು ಕುರಿತು ದಶಮಾಂಶದ ಎರಡನೆಯ ಸ್ಥಾನದವರೆಗೆ ನಿಸ್ಸಂದೇಹವಾಗಿ ಮಾತನಾಡುತ್ತದೆ. ಆಯ್ಕೆಗೆ ಮೂರು ಬಗೆಗಳನ್ನು ಕೊಟ್ಟುದಕ್ಕಾಗಿ ಲೇಜರ್‌ನ ರಚಕರನ್ನು ಮೆಚ್ಚಬೇಕು. ಆದರೆ ಆಯ್ಕೆಯನ್ನು ತಾನಾಗಿ ಹುಡುಕಿ ಬದಲಿಸದವನ ಕಣ್ಣಿಗೆ ಬೀಳುವುದು ಮೊದಲನೆಯದೇ. ಮೂರರಲ್ಲಿ ಅತ್ಯಂತ ಹೆಚ್ಚು ದಾರಿತಪ್ಪಿಸುವುದೂ ಅದೇ ಎಂಬುದು ಮೇಲಿನ ಲೆಕ್ಕದಿಂದ ಸ್ಪಷ್ಟವಾಗಿದೆ.

ಇಷ್ಟರಿಂದ, ಆಟದ ನಡುವೆ ಆಟಗಾರನಿಗೆ ಏನನ್ನೂ ತಿಳಿಸಬಾರದೆಂದು ತೀರ್ಮಾನಿಸುವುದು ಅವಸರವಾದೀತು. ಓಸುವಿನಲ್ಲಿ ನಿಖರತೆಯ ಶೇಕಡಾ ಒಂದೇ ಇರುವುದಲ್ಲ. ಒತ್ತಿದ ವೃತ್ತದ ಸ್ಥಳದಲ್ಲಿಯೇ ಆ ಒತ್ತಿನ ತೀರ್ಪು ಮೂಡಿ ಮರೆಯಾಗುತ್ತದೆ. ಪರದೆಯ ಕೆಳಗೆ, ಒತ್ತು ಬೇಗನೆ ಆಯಿತೋ ತಡವಾಯಿತೋ ಎಂಬುದನ್ನು ಗೆರೆಗಳ ಮೂಲಕ ತೋರಿಸುವ ಸಣ್ಣ ಪಟ್ಟಿಯೊಂದುಂಟು. ಇದೇ ಕ್ರಮವು ಬಹಳ ಹಿಂದಿನದು. ಕೊನಾಮಿ ಸಂಸ್ಥೆಯು 1997ರಲ್ಲಿ ಹೊರತಂದ, ಐದು ಕೀಲಿಗಳೂ ಒಂದು ತಿರುಗುವ ತಟ್ಟೆಯೂ ಇದ್ದ 'ಬೀಟ್‌ಮೇನಿಯಾ' ಯಂತ್ರದಲ್ಲಿಯೂ, ಮರುವರ್ಷ ಕಾಲಿನಿಂದ ಆಡುವ 'ಡಾನ್ಸ್ ಡಾನ್ಸ್ ರೆವಲ್ಯೂಷನ್'ನಲ್ಲಿಯೂ ಪ್ರತಿ ಹೆಜ್ಜೆಗೂ ಒಂದು ಮಾತು ದೊಡ್ಡ ಅಕ್ಷರಗಳಲ್ಲಿ ಮಿಂಚಿ ಹೋಗುತ್ತಿತ್ತು. ಎರಡನೆಯದರಲ್ಲಿ ಆ ಮಾತುಗಳು ಪರ್ಫೆಕ್ಟ್, ಗ್ರೇಟ್, ಗುಡ್, ಬೂ, ಮಿಸ್. ಆ ಮಾತು ಆ ಹೆಜ್ಜೆಯದು ಮಾತ್ರ. ಮುಂದಿನ ಹೆಜ್ಜೆ ಬರುವಾಗ ಹಿಂದಿನದರ ಋಣ ಅದರ ಮೇಲಿರುವುದಿಲ್ಲ.

ವಟ್ಟಕೇರಾಚಾರ್ಯರ ಮೂಲಾಚಾರದಲ್ಲಿ ಪ್ರತಿಕ್ರಮಣವು ಏಳು ಬಗೆಯದೆಂದು ಹೇಳಿದೆ: ದೈವಸಿಕ, ರಾತ್ರಿಕ, ಐರ್ಯಾಪಥಿಕ, ಪಾಕ್ಷಿಕ, ಚಾತುರ್ಮಾಸಿಕ, ಸಾಂವತ್ಸರಿಕ, ಉತ್ತಮಾರ್ಥ. ಹಗಲಿನ ದೋಷಗಳಿಗೆ ಒಂದು, ಇರುಳಿನವುಗಳಿಗೆ ಒಂದು, ನಡೆದಾಟದ ದೋಷಗಳಿಗೆ ಒಂದು. ಹೀಗೆಯೇ ಪಕ್ಷಕ್ಕೆ, ನಾಲ್ಕು ತಿಂಗಳಿಗೆ, ವರ್ಷಕ್ಕೆ. ಕಟ್ಟಕಡೆಯದು ಇಡೀ ಬಾಳಿಗೆ. ಇವುಗಳಲ್ಲಿ ಕೆಲವು ಬಹು ದೀರ್ಘವಾದ ಕಾಲದ ಲೆಕ್ಕಗಳು, ಐರ್ಯಾಪಥಿಕವು ಬಹು ಚಿಕ್ಕದು. ಆದರೂ ಎಲ್ಲಕ್ಕೂ ಸಮಾನವಾದ ಒಂದು ಲಕ್ಷಣವಿದೆ: ಯಾವುದರ ಲೆಕ್ಕವೋ ಅದು ಮುಗಿದಿರಬೇಕು. ನಡೆದು ಬಂದು ನಿಂತ ಮೇಲೆ ನಡೆದಾಟದ ಆಲೋಚನೆ, ಹಗಲು ಕಳೆದ ಮೇಲೆ ಹಗಲಿನದು. ಹೆಜ್ಜೆಯೆತ್ತುತ್ತಿರುವ ಮುನಿಗೆ ವಿಹಿತವಾದದ್ದು ಈರ್ಯಾಸಮಿತಿ, ಎಂದರೆ ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ನಡೆಯುವುದು. ಬೆಳಗಿನಿಂದ ಎಷ್ಟು ಹೆಜ್ಜೆ ಶುದ್ಧವಾದವು, ನೂರಕ್ಕೆ ಎಷ್ಟರಂತೆ ಎಂಬ ಗುಣಾಕಾರ ಆ ಹೊತ್ತಿನ ಕೆಲಸವಲ್ಲ. ಹಾಗೆ ಗುಣಿಸುತ್ತ ನಡೆದರೆ ಕಾಲಡಿಯ ಇರುವೆಗೆ ಅಪಾಯ.

ಈ ಅಳತೆಗೋಲಿನಿಂದ ನೋಡಿದಾಗ ಒಂದೊಂದು ಒತ್ತಿನ ತೀರ್ಪನ್ನು ಆಗಲೇ ತೋರಿಸುವುದು ದೋಷವಲ್ಲ, ಒತ್ತು ಮುಗಿದಿದೆ. ಹಾಡು ಮುಗಿದ ಮೇಲೆ ಮೊತ್ತವನ್ನು ತೋರಿಸುವುದೂ ದೋಷವಲ್ಲ, ಹಾಡು ಮುಗಿದಿದೆ. ಎರಡರ ನಡುವೆ ತೂಗಾಡುವ, ಯಾವುದೂ ಮುಗಿಯದಿರುವಾಗಿನ ಮೊತ್ತವೇ ಪ್ರಶ್ನಾರ್ಹವಾದದ್ದು.

ಇದನ್ನು ಬಿಟ್ಟುಕೊಟ್ಟ ಆಟಗಳು ಇಲ್ಲದಿಲ್ಲ, ಮತ್ತು ಅವು ಕಳಪೆ ಆಟಗಳಲ್ಲ. ಹಾರ್ಮೋನಿಕ್ಸ್ ಸಂಸ್ಥೆಯು ರಚಿಸಿ 2005ರಲ್ಲಿ ಹೊರಬಂದ 'ಗಿಟಾರ್ ಹೀರೋ'ದಲ್ಲಿ ಕೈಗೆ ಐದು ಗುಂಡಿಗಳ ಗಿಟಾರಿನಾಕಾರದ ಉಪಕರಣ. ಸ್ವರವೊಂದು ತಪ್ಪಿದರೆ ಹಾಡಿನೊಳಗಿನ ಗಿಟಾರಿನ ದನಿಯೇ ಆ ಕ್ಷಣ ಕಳೆದುಹೋಗುತ್ತದೆ. ಉಳಿದ ವಾದ್ಯಗಳು ಮುಂದುವರಿಯುತ್ತವೆ. ಹಸಿರು, ಹಳದಿ, ಕೆಂಪು ಬಣ್ಣಗಳ ನಡುವೆ ಓಲಾಡುವ ಮುಳ್ಳೊಂದು ಒಟ್ಟಾರೆ ಸ್ಥಿತಿಯನ್ನು ಸೂಚಿಸುತ್ತದೆ. ನೂರಕ್ಕೆ ಎಷ್ಟು ಸ್ವರಗಳು ಸರಿಯಾದವು ಎಂಬುದು ತಿಳಿಯುವುದು ಹಾಡು ಮುಗಿದ ಮೇಲೆ. ಇಲ್ಲಿ ತಪ್ಪಿನ ಫಲವು ತಪ್ಪಿನ ಜಾತಿಯದೇ ಆಗಿದೆ: ಸಂಗೀತದಲ್ಲಿ ತಪ್ಪಿದವನು ಸಂಗೀತವನ್ನೇ ಕಳೆದುಕೊಳ್ಳುತ್ತಾನೆ, ಅದೂ ಆ ಕ್ಷಣದಷ್ಟು ಮಾತ್ರ. ಅದನ್ನು ತಿಳಿಯಲು ಅವನು ಕಣ್ಣನ್ನು ಬೇರೆಡೆಗೆ ಹಾಯಿಸಬೇಕಾಗಿಲ್ಲ. ಕಿವಿ ಇದ್ದರೆ ಸಾಕು.

ಇದಕ್ಕೂ ಹಿಂದೆ, 1996ರಲ್ಲಿ, ಸಂಗೀತಗಾರ ಮಸಾಯಾ ಮತ್ಸುಉರಾ ಅವರ 'ಪರಪ್ಪ ದ ರ‍್ಯಾಪರ್' ಅಂಕೆಯ ಬದಲಿಗೆ ನಾಲ್ಕು ಮಾತುಗಳನ್ನು ಬಳಸಿತ್ತು: ಕೂಲ್, ಗುಡ್, ಬ್ಯಾಡ್, ಆಫುಲ್. ಆಟಗಾರ ಕೆಳಗಿನ ಮೆಟ್ಟಿಲಿಗೆ ಇಳಿದಂತೆ ಹಿನ್ನೆಲೆಯ ಸಂಗೀತವೇ ಕೆಡುತ್ತಿತ್ತು. ಅತ್ಯುಚ್ಚ ಮೆಟ್ಟಿಲಾದ ಕೂಲ್‌ಗೆ ಏರಿದವನಿಗೆ ದೊರೆಯುತ್ತಿದ್ದ ಬಹುಮಾನ ಸ್ವಾರಸ್ಯದ್ದು. ಅಲ್ಲಿಯವರೆಗೆ ಹೇಳಿಕೊಡುತ್ತಿದ್ದ ಗುರು ಅಲ್ಲಿಂದ ಹೊರಟುಹೋಗುತ್ತಾನೆ. ಶಿಷ್ಯ ತನಗೆ ತೋಚಿದಂತೆ ಹಾಡಬಹುದು. ಪರಿಪೂರ್ಣತೆಯ ಫಲವು ಇನ್ನಷ್ಟು ಸೂಕ್ಷ್ಮವಾದ ತಪಾಸಣೆಯಲ್ಲ, ತಪಾಸಣೆಯಿಂದ ಬಿಡುಗಡೆ. ಮಕ್ಕಳ ಆಟವೆಂದು ಬದಿಗಿಡಬಹುದಾದ ಈ ಕೃತಿಯಲ್ಲಿ ಅಡಗಿರುವ ಈ ಕಲ್ಪನೆ, ಮುಂದೆ ಬಂದ ಎಷ್ಟೋ ಆಟಗಳ ಸೂಕ್ಷ್ಮ ಗಣಿತಕ್ಕಿಂತ ಘನವಾದದ್ದು.

ನಿಂಟೆಂಡೊ 2006ರಲ್ಲಿ ತಂದ 'ರಿದಮ್ ತೆಂಗೋಕು' ಇನ್ನೂ ಮುಂದೆ ಹೋಯಿತು. ಆಟದ ನಡುವೆ ಅಂಕವೂ ಇಲ್ಲ, ಶೇಕಡಾವೂ ಇಲ್ಲ. ಪರದೆಯ ಮೇಲಿನ ಪಾತ್ರಗಳ ನಡೆ ಮತ್ತು ಸದ್ದುಗಳಿಂದಲೇ ಹೊಂದಿತೋ ತಪ್ಪಿತೋ ಎಂದು ತಿಳಿಯುತ್ತದೆ. ಕೊನೆಯಲ್ಲಿ ಒಂದೆರಡು ವಾಕ್ಯಗಳ ಅಭಿಪ್ರಾಯ, ಅದರೊಡನೆ ಮೂರು ತರಗತಿಗಳಲ್ಲೊಂದು. ನಮ್ಕೊ ಸಂಸ್ಥೆಯ 'ತೈಕೊ ನೊ ತತ್ಸುಜಿನ್' (2001) ಡೋಲಿನ ಆಟದಲ್ಲಿ ತುಂಬುತ್ತ ಹೋಗುವ ಪಟ್ಟಿಗೆ ಇರುವ ಹೆಸರು 'ತಮಶೀ', ಅಂದರೆ ಆತ್ಮ. ಡೋಲು ಬಡಿದು ಆತ್ಮವನ್ನು ತುಂಬಿಸುವ ಆ ಭಾಷೆಯ ಬಗೆಗೆ ಜೈನ ಓದುಗ ಮುಗುಳ್ನಕ್ಕು ಮುಂದೆ ಹೋಗಬಹುದು. ಆದರೆ ಆ ಪಟ್ಟಿಯು ಖಾಲಿಯಿಂದ ಆರಂಭವಾಗುತ್ತದೆ, ತುಂಬಿದ್ದರಿಂದ ಅಲ್ಲ ಎಂಬುದು ಗಮನಿಸತಕ್ಕ ವಿಷಯ.

ಏಕೆಂದರೆ ನೂರರಿಂದ ಆರಂಭವಾಗುವ ಅಂಕೆಯು ಆಟಗಾರನ ಮನಸ್ಸಿನಲ್ಲಿ ಮಾಡುವ ಕೆಲಸವೇ ಬೇರೆ. ಅದು ಅವನಿಗೆ ಗಳಿಸದ ಸಂಪತ್ತೊಂದನ್ನು ಮೊದಲೇ ಕೊಟ್ಟು, ಅನಂತರ ಚೂರುಚೂರಾಗಿ ಕಸಿದುಕೊಳ್ಳುತ್ತದೆ. ಆರ್ತಧ್ಯಾನದ ನಾಲ್ಕು ಬಗೆಗಳನ್ನು ತತ್ತ್ವಾರ್ಥಸೂತ್ರವು ಎಣಿಸಿದೆ. ಪ್ರಿಯವಾದದ್ದು ಅಗಲಿದಾಗ ಅದನ್ನೇ ನೆನೆದು ಕೊರಗುವ ಇಷ್ಟವಿಯೋಗ ಅವುಗಳಲ್ಲೊಂದು. ಮುಂದಿನ ಫಲಕ್ಕಾಗಿ ಹಂಬಲಿಸುವ ನಿದಾನ ಇನ್ನೊಂದು. ಹತ್ತನೆಯ ವೃತ್ತದಲ್ಲಿ ನೂರನ್ನು ಕಳೆದುಕೊಂಡವನು ಹನ್ನೊಂದನೆಯದನ್ನು ಒತ್ತುತ್ತಿರುವಾಗ ಎರಡರಲ್ಲಿಯೂ ಸಿಲುಕಿರುತ್ತಾನೆ. ಬಂಧದ ವಿಷಯದಲ್ಲಿ ಶಾಸ್ತ್ರವು ಮಾಡಿರುವ ವಿಭಾಗವೂ ಇಲ್ಲಿ ನೆರವಿಗೆ ಬರುತ್ತದೆ. ಪ್ರಕೃತಿ ಮತ್ತು ಪ್ರದೇಶ ಬಂಧಗಳು ಯೋಗದಿಂದ, ಸ್ಥಿತಿ ಮತ್ತು ಅನುಭಾಗ ಬಂಧಗಳು ಕಷಾಯದಿಂದ. ಬೆರಳು ತಡವಾದದ್ದು ಯೋಗದ ಮಾತು, ಅದು ಆಗಿಹೋಯಿತು. ಅಂಕೆಯನ್ನು ಕಂಡು ಮನಸ್ಸು ಕುದಿದದ್ದು ಕಷಾಯದ ಮಾತು; ತಪ್ಪು ಎಷ್ಟು ಹೊತ್ತು ಅಂಟಿಕೊಂಡಿರುತ್ತದೆ, ಎಷ್ಟು ತೀವ್ರವಾಗಿ ಕಾಡುತ್ತದೆ ಎಂಬುದನ್ನು ನಿರ್ಧರಿಸುವುದು ಅದೇ. ಒಂದೆರಡು ಮಿಲಿಸೆಕೆಂಡುಗಳ ದೋಷಕ್ಕೆ ಮೂರು ನಿಮಿಷಗಳ ಸ್ಥಿತಿಯನ್ನು ಒದಗಿಸಿಕೊಡುವುದು ಮೂಲೆಯ ಆ ಅಂಕೆ.

ಫಲವಾಗಿ ಬೆಳೆದುಬಂದ ಒಂದು ರೂಢಿಯನ್ನು ಆಟಗಾರರೆಲ್ಲರೂ ಬಲ್ಲರು. ಓಸುವಿನಲ್ಲಿ ಒಂದು ಕೀಲಿಯನ್ನು ಒತ್ತಿಹಿಡಿದರೆ ಹಾಡು ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಮೊದಲ ಕಲೆ ಕಂಡೊಡನೆ ಆ ಕೀಲಿಗೆ ಕೈಹಾಕುವವರು ಅನೇಕರು. ಅಂಥವರಿಗೆ ಹಾಡಿನ ಆರಂಭ ಕಂಠಪಾಠವಾಗಿರುತ್ತದೆ, ಅಂತ್ಯ ಅಪರಿಚಿತವಾಗಿ ಉಳಿಯುತ್ತದೆ. ತಪ್ಪನ್ನು ತಿದ್ದಿಕೊಳ್ಳುವುದಕ್ಕೂ ತಪ್ಪಾದ ದಿನವನ್ನೇ ಅಳಿಸಿಹಾಕುವುದಕ್ಕೂ ವ್ಯತ್ಯಾಸವಿದೆ. ಪ್ರತಿಕ್ರಮಣದಲ್ಲಿ ಹಿಂದಿರುಗುವುದು ದೋಷದಿಂದ, ದಿನದಿಂದಲ್ಲ. ಇದೇ ಆಟದಲ್ಲಿ 'ಪರ್ಫೆಕ್ಟ್' ಎಂಬ ಐಚ್ಛಿಕ ಕ್ರಮವೊಂದಿದೆಯೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಅದನ್ನು ಆರಿಸಿಕೊಂಡವನಿಗೆ ಒಂದು ಒತ್ತು ಪೂರ್ಣವಾಗದಿದ್ದರೂ ಆಟ ಅಲ್ಲಿಗೆ ಮುಗಿಯುತ್ತದೆ. ಅದು ಕಠಿಣವಾದರೂ ತಾನಾಗಿ ಕೈಗೊಂಡ ನಿಯಮ. ಪ್ರತ್ಯಾಖ್ಯಾನದ ನೆರಳು ಅದರಲ್ಲಿದೆ. ಕೇಳದೆಯೇ ಎಲ್ಲರ ಮುಂದೆ ಬಂದು ನಿಲ್ಲುವ ಶೇಕಡಾಕ್ಕೆ ಆ ಘನತೆಯಿಲ್ಲ.

ಪ್ರತಿವಾದಿಯ ಮಾತನ್ನೂ ಕೇಳಬೇಕು. ಲೆಕ್ಕವನ್ನು ಮರೆಮಾಡಿದರೆ ಎಚ್ಚರ ತಪ್ಪುವುದಿಲ್ಲವೇ? ಪ್ರಮಾದವೇ ಹಿಂಸೆಯ ಮೂಲವೆಂದು ಸಾರುವ ಧರ್ಮದಲ್ಲಿ, ಸದಾ ಕಣ್ಣೆದುರು ಇರುವ ಅಳತೆಯು ಅಪ್ರಮಾದಕ್ಕೆ ಸಹಾಯಕವಲ್ಲವೇ? ಈ ಆಕ್ಷೇಪವು ಹಗುರವಾದದ್ದಲ್ಲ. ಸಾಮಾಯಿಕ ವ್ರತದ ಐದು ಅತಿಚಾರಗಳಲ್ಲಿ ಮನಸ್ಸನ್ನು ಬೇರೆಡೆಗೆ ಹರಿಯಬಿಡುವ ಮನೋದುಷ್ಪ್ರಣಿಧಾನವನ್ನು ಹೇಳಿರುವಂತೆಯೇ, ನೆನಪು ತಪ್ಪುವ ಸ್ಮೃತ್ಯನುಪಸ್ಥಾನವನ್ನೂ ಹೇಳಿದೆ. ಲೆಕ್ಕವನ್ನು ದಿಟ್ಟಿಸುತ್ತ ಕುಳಿತರೂ ದೋಷ, ಲೆಕ್ಕವನ್ನು ಪೂರ್ತಿ ಮರೆತರೂ ದೋಷ. ಇವೆರಡರ ನಡುವಿನ ದಾರಿಯನ್ನು ಹಿರಿಯರು ಕಂಡುಕೊಂಡದ್ದು ಜಪಮಾಲೆಯಲ್ಲಿ. ನೂರೆಂಟು ಮಣಿಗಳ ಲೆಕ್ಕ ಬೆರಳಿನದು. ಕಣ್ಣು ಮುಚ್ಚಿರುತ್ತದೆ, ಮನಸ್ಸು ಣಮೋಕಾರದಲ್ಲಿರುತ್ತದೆ. ಎಷ್ಟನೆಯದೆಂದು ನಡುವೆ ಕೇಳಿದರೆ ಜಪಿಸುವವರಿಗೆ ಹೇಳಲಾಗದು. ಮೇರುಮಣಿ ಬೆರಳಿಗೆ ತಗುಲಿದಾಗ ಸುತ್ತು ಮುಗಿಯಿತೆಂದು ತಾನಾಗಿ ತಿಳಿಯುತ್ತದೆ. ಎಣಿಕೆ 'ಇದೆ', ಆದರೆ ಅದು ಎದುರಿಗೆ ನಿಂತಿಲ್ಲ. ಈಗ ಬೆರಳಿಗೆ ತೊಡುವ, ಗುಂಡಿಯೊತ್ತಿದರೆ ಅಂಕೆ ಏರುವ ಜಪದ ಎಣಿಕೆಯಂತ್ರಗಳು ಬಂದಿವೆ. ಅವು ಅನುಕೂಲವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಂಕೆ ಹೊಳೆಯುತ್ತಿರುವಲ್ಲಿ ಕಣ್ಣು ಮುಚ್ಚಿರುವುದು ಕಷ್ಟ. ಗಿಟಾರ್ ಹೀರೋದ ಕಳೆದುಹೋಗುವ ದನಿ ಜಪಮಾಲೆಯ ಕಡೆಗೆ ಸೇರಿದ್ದು, ಓಸುವಿನ ಶೇಕಡಾ ಈ ಎಣಿಕೆಯಂತ್ರದ ಕಡೆಗೆ.

ಅಂಕೆಯು ಯಾರನ್ನು ಅಳೆಯುತ್ತದೆ ಎಂಬ ಪ್ರಶ್ನೆಯೂ ಉಳಿದಿದೆ. ಹೊಸ ಬಗೆಯ ದೂರದರ್ಶನ ಪರದೆಗಳು ಚಿತ್ರವನ್ನು ಮೂಡಿಸುವಲ್ಲಿ ತುಸು ವಿಳಂಬ ಮಾಡುತ್ತವೆ. ಈ ಕಾರಣದಿಂದಲೇ 2007ರ 'ರಾಕ್ ಬ್ಯಾಂಡ್' ಆಟದಲ್ಲಿ ವಿಳಂಬವನ್ನು ಸರಿಹೊಂದಿಸುವ ವ್ಯವಸ್ಥೆ ಇತ್ತು. ಮರುವರ್ಷ ಬಂದ ಎರಡನೆಯ ಆವೃತ್ತಿಯ ಗಿಟಾರಿನಲ್ಲಿ ಪರದೆಯ ಬೆಳಕನ್ನೂ ಸದ್ದನ್ನೂ ತಾನೇ ಗ್ರಹಿಸಿ ವಿಳಂಬವನ್ನು ಅಳೆಯುವ ಪುಟ್ಟ ಸಾಧನಗಳನ್ನೇ ಅಳವಡಿಸಿದ್ದರು. ಮನುಷ್ಯನ ದೇಹದ ಸ್ವಭಾವವೂ ಇಲ್ಲಿ ಸೇರುತ್ತದೆ: ಒಂದೇ ಸಮನೆ ಬರುವ ಸದ್ದಿಗೆ ಬೆರಳು ತಟ್ಟುವವರು ಸಾಮಾನ್ಯವಾಗಿ ಸದ್ದಿಗಿಂತ ಹಲವು ಮಿಲಿಸೆಕೆಂಡು ಮೊದಲೇ ತಟ್ಟುತ್ತಾರೆಂಬುದು ಮನೋವಿಜ್ಞಾನಿಗಳು ಮತ್ತೆಮತ್ತೆ ಕಂಡುಕೊಂಡ ಸಂಗತಿ. 32 ಮಿಲಿಸೆಕೆಂಡುಗಳ ಗಡಿಯಲ್ಲಿ ಇವೆಲ್ಲ ಅಲ್ಪವಲ್ಲ. ಉಪಾದಾನ ಎಷ್ಟು, ನಿಮಿತ್ತ ಎಷ್ಟು ಎಂಬುದನ್ನು ಬಿಡಿಸಿ ಹೇಳದೆ ಎಲ್ಲವನ್ನೂ ಆಟಗಾರನ ಹೆಸರಿಗೇ ಬರೆಯುವ ಲೆಕ್ಕವು, ಅಂಕಗಣಿತದಲ್ಲಿ ಸರಿಯಿದ್ದರೂ ನ್ಯಾಯದಲ್ಲಿ ಸರಿಯಿಲ್ಲ.

ಕೊನೆಯದಾಗಿ, ಆ ಅಂಕೆಯನ್ನು ನೋಡುವವನು ಆಟಗಾರನೊಬ್ಬನೇ ಅಲ್ಲ. ಪಂದ್ಯಾವಳಿಗಳಲ್ಲಿ ನೂರಾರು ಮಂದಿ ಪ್ರೇಕ್ಷಕರಿರುವಾಗ ಯಾರು ಮುಂದಿದ್ದಾರೆಂದು ತಿಳಿಯಲು ಅದು ಬೇಕು. ಅಲ್ಲಿ ಅದಕ್ಕೆ ಆಕ್ಷೇಪವಿಲ್ಲ. ಆದರೆ ಮನೆಯಲ್ಲಿ? ಮಗಳು ಆಡುತ್ತಿರುವಾಗ ಕೋಣೆಗೆ ಬಂದ ತಾಯಿಗೆ ವೃತ್ತಗಳ ಓಟ ಅರ್ಥವಾಗುವುದಿಲ್ಲ, ಹಾಡಿನ ಭಾಷೆಯೂ ಜಪಾನಿನದಿರಬಹುದು. ಅವಳಿಗೆ ಓದಲು ಬರುವುದು ಮೂಲೆಯ ಅಂಕೆಯೊಂದೇ. ಆದ್ದರಿಂದ ಅವಳು ಕೇಳುವುದೂ ಅದನ್ನೇ: ಎಷ್ಟು ಬಂತು? ಪರೀಕ್ಷೆಯ ಫಲಿತಾಂಶದ ದಿನ ಕೇಳುವ ಪ್ರಶ್ನೆಯೇ ಇಲ್ಲಿಗೂ ಬಂದು ಕುಳಿತಿತು. ಯಾವ ಹಾಡು, ಏನು ಚೆನ್ನಾಗಿತ್ತು ಎಂದು ಕೇಳುವುದಕ್ಕೆ ಆ ಅಂಕೆ ಅವಕಾಶ ಕೊಡದೆ ಹೋಯಿತು. ಬಸದಿಯ ಅಭಿಷೇಕದ ನಡುವೆ ಕಲಶದ ಸವಾಲಿನ ಮೊತ್ತವು ಧ್ವನಿವರ್ಧಕದಲ್ಲಿ ಏರುತ್ತ ಹೋಗುವಾಗ, ಕುಳಿತವರ ಕಣ್ಣು ಬಿಂಬದಿಂದ ಸವಾಲು ಕೂಗಿದವರ ಕಡೆಗೆ ಹೊರಳುವುದನ್ನು ಆಡಳಿತ ಮಂಡಳಿಗಳವರು ಬಲ್ಲರು. ಸವಾಲನ್ನು ಪೂಜೆಗೆ ಮೊದಲೇ ಮುಗಿಸುವುದು ಲೇಸೆಂಬ ಮಾತಿಗೆ ಇರುವ ಆಧಾರವೇ ಈ ಮಾತಿಗೂ ಇದೆ.

ಓಸುವಿನಲ್ಲಿ ಪರದೆಯ ಮೇಲಿನ ಅಂಕೆಗಳನ್ನೆಲ್ಲ ಒಮ್ಮೆಗೇ ಮರೆಮಾಡುವ ಅನುಕೂಲ ಇದೆ. ಶಿಫ್ಟ್ ಮತ್ತು ಟ್ಯಾಬ್ ಕೀಲಿಗಳನ್ನು ಒಟ್ಟಿಗೆ ಒತ್ತಿದರಾಯಿತು. ಆಗ ಉಳಿಯುವುದು ವೃತ್ತಗಳು ಮತ್ತು ಹಾಡು. ಹಾಡು ಮುಗಿದ ಮೇಲೆ ಬರುವ ಪುಟದಲ್ಲಿ 300 ಎಷ್ಟು, 100 ಎಷ್ಟು, 50 ಎಷ್ಟು, ಕೈತಪ್ಪಿದವೆಷ್ಟು, ಒಟ್ಟು ನಿಖರತೆ ಎಷ್ಟು ಎಂಬುದೆಲ್ಲವೂ ಬಿಡಿಬಿಡಿಯಾಗಿ ಇದ್ದೇ ಇರುತ್ತದೆ. ಅಲ್ಲಿ ಸಿಗುವುದನ್ನೇ ಅದಕ್ಕಿಂತ ಮೊದಲು, ಅದಕ್ಕಿಂತ ಕಡಿಮೆ ಸತ್ಯವಾದ ರೂಪದಲ್ಲಿ, ಕೇಳದವರಿಗೂ ತೋರಿಸುತ್ತಿರುವುದೇಕೆ ಎಂಬುದಕ್ಕೆ ಉತ್ತರ ಕೊಡಬೇಕಾದವರು ಆಟದ ರಚಕರು.